ಮಿಕ್ಕಿದ್ದು ಮಕ್ಕಳಿಗೆ

ಅರವತ್ತು, ಎಪ್ಪತ್ತರ ದಶಕಗಳಲ್ಲಿ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಲಿತ ತಲೆಮಾರಿಗೆ ಅಮೆರಿಕದ ನೆರವು ಸಂಸ್ಥೆ ಕೇರ್ ಕಳಿಸುತ್ತಿದ್ದ ಗೋಧಿಯ ‘ಕೇರ್ ಉಪ್ಪಿಟ್ಟ’ನ್ನು ಪರಿಚಯಿಸಬೇಕಿಲ್ಲ. ಬೇಯಿಸಿ, ಒಣಗಿಸಿ, ಒಡೆದ ಕಂದು ಬಣ್ಣದ ಗೋಧಿ ನುಚ್ಚು. ತಗಡಿನ ಡಬ್ಬದಲ್ಲಿ ಬರುತ್ತಿದ್ದ ಎಣ್ಣೆ. ಬಿಸಿನೀರಿಗೆ ಕದಡಿ ಕೊಡುತ್ತಿದ್ದ ಹಾಲಿನ ಪುಡಿ. ಚೀಲದ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರ, ಅಮೆರಿಕದ ಜನರ ಕೊಡುಗೆ ಎಂಬ ಇಂಗ್ಲಿಷ್ ಬರಹ. ಬೆಳಿಗ್ಗೆ ಏನೂ ತಿನ್ನದೆ ಬಂದ ಮಕ್ಕಳ ಹೊಟ್ಟೆಯನ್ನು ಅದು ತುಂಬಿಸಿತು, ಆ ಋಣ ಸಣ್ಣದಲ್ಲ. ಆದರೆ ಆ ಚೀಲ ಇಲ್ಲಿಗೆ ಬಂದ ದಾರಿಯನ್ನೂ ನೋಡಬೇಕು. ಅಮೆರಿಕ 1954ರಲ್ಲಿ ಪಿ.ಎಲ್. 480 ಕಾನೂನನ್ನು ಮಾಡಿದ್ದೇ ತನ್ನ ರೈತರು ಬೆಳೆದು ಗೋದಾಮಿನಲ್ಲಿ ಉಳಿದಿದ್ದ ಧಾನ್ಯವನ್ನು ಸಾಗಹಾಕುವುದಕ್ಕೆ, ಹೊರದೇಶಗಳಲ್ಲಿ ಅದಕ್ಕೆ ಮಾರುಕಟ್ಟೆ ಬೆಳೆಸುವುದಕ್ಕೆ. ಇದನ್ನು ಆ ಕಾನೂನೇ ಬಿಚ್ಚಿ ಹೇಳಿತ್ತು. ಮಕ್ಕಳ ಊಟದ ಬಗ್ಗೆ ನಮ್ಮಲ್ಲಿ ನಡೆದ ನೂರು ವರ್ಷಗಳ ಪ್ರಯತ್ನವನ್ನು ಓದುತ್ತಾ ಹೋದರೆ ಈ ಎಳೆ ಮತ್ತೆ ಮತ್ತೆ ಕೈಗೆ ಸಿಗುತ್ತದೆ. ಮಗುವಿಗೆ ಏನು ಬೇಕು ಎಂದು ಕೇಳುವ ಮೊದಲೇ, ಯಾರ ಕಣಜದಲ್ಲಿ ಏನು ಮಿಕ್ಕಿದೆ ಎಂಬುದು ತಟ್ಟೆಯನ್ನು ತೀರ್ಮಾನಿಸಿಬಿಟ್ಟಿರುತ್ತದೆ.

ತಿಳಿವಳಿಕೆ ಇಲ್ಲದೆ ಹೀಗಾಯಿತು ಎನ್ನುವಂತಿಲ್ಲ. ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕತೆಯ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಕ್ಯಾರಿಸನ್ ಮತ್ತು ಅವರ ನಂತರ ಬಂದ ವಾಲೇಸ್ ಐಕ್ರಾಯ್ಡ್ ಭಾರತದ ಊಟಗಳನ್ನು ಒಂದೊಂದಾಗಿ ಅಳೆದಿದ್ದರು. ಐಕ್ರಾಯ್ಡ್ 1937ರಲ್ಲೇ ನಮ್ಮ ಆಹಾರಗಳ ಸತ್ವದ ಪಟ್ಟಿಯನ್ನು ಪ್ರಕಟಿಸಿದರು. ಪಾಲಿಶ್ ಮಾಡಿದ ಅಕ್ಕಿಯನ್ನೇ ನಂಬಿದ ಮಗು ಬೆಳೆಯುವುದಿಲ್ಲ ಎಂಬುದು ಆ ಕಾಲಕ್ಕೇ ಗೊತ್ತಿದ್ದ ಮಾತು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಸುಣ್ಣದಂಶವಿದ್ದರೆ ಅಷ್ಟೇ ರಾಗಿಯಲ್ಲಿ 340ರಷ್ಟಿದೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ., ವಿ. ಸುಬ್ರಹ್ಮಣ್ಯನ್ ನಿರ್ದೇಶಕರಾಗಿದ್ದಾಗ, ಮೂರು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಒಂದು ಪಾಲು ಕಡಲೆ ಹಿಟ್ಟು ಸೇರಿಸಿ, ಜೀವಸತ್ವ ಮತ್ತು ಸುಣ್ಣದಂಶ ಬೆರೆಸಿ, ಅಗ್ಗದ ಪೌಷ್ಟಿಕ ಹಿಟ್ಟೊಂದನ್ನು ತಯಾರಿಸಿತು. ಕಡಲೆಕಾಯಿ ನಮ್ಮ ನೆಲದ್ದೇ, ಕಡಲೆಯೂ ನಮ್ಮದೇ. ಆದರೂ ಶಾಲೆಯ ಒಲೆಯ ಮೇಲೆ ಬೆಂದದ್ದು ಹಡಗಿನಲ್ಲಿ ಬಂದ ಗೋಧಿ. ಪುಕ್ಕಟೆಯಾಗಿ ಬಂದರಿಗೆ ಬಂದಿಳಿದ ಧಾನ್ಯದ ಎದುರು, ದುಡ್ಡು ಕೊಟ್ಟು ಕೊಳ್ಳಬೇಕಾದ ಊರಿನ ಧಾನ್ಯ ಕಡತದಲ್ಲೇ ಉಳಿಯಿತು.

ಕಣಜದ ಮುಖ ನೋಡದೆ ಮಗುವಿನ ಕಡೆಯಿಂದ ಯೋಚಿಸಿದ ಉದಾಹರಣೆಯೂ ಇದೆ. 1920ರಲ್ಲಿ ಪಿ. ತ್ಯಾಗರಾಯ ಚೆಟ್ಟಿ ಅಧ್ಯಕ್ಷರಾಗಿದ್ದ ಮದ್ರಾಸ್ ನಗರಸಭೆ, ತೌಸಂಡ್ ಲೈಟ್ಸ್ ಪ್ರದೇಶದ ಶಾಲೆಯ ಮಕ್ಕಳಿಗೆ ತಲಾ ಒಂದಾಣೆ ಮೀರದ ಖರ್ಚಿನಲ್ಲಿ ಬೆಳಗಿನ ತಿಂಡಿ ಕೊಡಲು ತೀರ್ಮಾನಿಸಿತು. ಶಿಕ್ಷಣದ ಹಣವನ್ನು ತಿಂಡಿಗೆ ಬಳಸಬಾರದೆಂದು ಬ್ರಿಟಿಷ್ ಸರ್ಕಾರ ಅಡ್ಡಿಪಡಿಸಿದ್ದರಿಂದ 1925ರಲ್ಲಿ ಅದು ನಿಂತಿತು. ಮುಂದೆ ಮುಖ್ಯಮಂತ್ರಿಗಳಾಗಿದ್ದ ಕಾಮರಾಜ್ 1956ರಲ್ಲಿ, ಎಂ.ಜಿ. ರಾಮಚಂದ್ರನ್ 1982ರಲ್ಲಿ ಅದೇ ನೆಲದಲ್ಲಿ ಅದೇ ಹಂಬಲವನ್ನು ಹಿಗ್ಗಿಸಿದರು. ಕರ್ನಾಟಕದಲ್ಲಿ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಟಿ. ನರಸೀಪುರದಲ್ಲಿ ಕಾಲಿಟ್ಟಿತು. ದೇಶದಾದ್ಯಂತ ಮೊದಲಿಗೆ ಆಯ್ದ 33 ಬ್ಲಾಕುಗಳಲ್ಲಿ ಅದೂ ಒಂದು. ಅಂಗನವಾಡಿಯ ತಕ್ಕಡಿಗೆ ಮಗುವನ್ನು ಹಾಕಿ, ತೂಕವನ್ನು ಚಾರ್ಟಿನಲ್ಲಿ ಗುರುತು ಮಾಡಿ, ಇಳಿದರೆ ಎಚ್ಚರಿಸುವ ಪದ್ಧತಿ ಹಳ್ಳಿಗೆ ಬಂದದ್ದು ಹೀಗೆ. ಆ ಚಾರ್ಟನ್ನು ನಾನು ದೊಡ್ಡ ಬದಲಾವಣೆ ಎಂದೇ ತಿಳಿಯುತ್ತೇನೆ. ಎಷ್ಟು ಚೀಲ ಹಂಚಿದೆವು ಎನ್ನುವ ಲೆಕ್ಕದ ಪಕ್ಕದಲ್ಲಿ, ಮಗು ಬೆಳೆಯಿತೇ ಎನ್ನುವ ಲೆಕ್ಕ ಆಗ ಬರವಣಿಗೆಗೆ ಇಳಿಯಿತು.

ಶಾಲೆಯ ಮಟ್ಟಿಗೆ ಮಾತ್ರ ಹಳೆಯ ರೂಢಿಯೇ ಮುಂದುವರಿಯಿತು, ಕಣಜ ಬದಲಾಯಿತು ಅಷ್ಟೆ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಮಧ್ಯಾಹ್ನದ ಊಟದ ಯೋಜನೆ ಆರಂಭಿಸಿದಾಗ ಆಹಾರ ನಿಗಮದ ಧಾನ್ಯ ಕೊಟ್ಟಿತು. ಅಡುಗೆಯ ಖರ್ಚನ್ನು ರಾಜ್ಯಗಳಿಗೆ ಬಿಟ್ಟಿತು. ಹೆಚ್ಚಿನ ರಾಜ್ಯಗಳು ಅಡುಗೆಯ ತಂಟೆಗೇ ಹೋಗದೆ, ಹಾಜರಾತಿ ಶೇ 80 ಇದ್ದರೆ ತಿಂಗಳಿಗೆ ಮೂರು ಕೆ.ಜಿ. ಧಾನ್ಯವನ್ನು ಮಗುವಿನ ಕೈಗೆ ಕೊಟ್ಟು ಕಳಿಸಿದವು. ಮನೆಗೆ ಹೋದ ಧಾನ್ಯ ಮನೆಮಂದಿಗೆಲ್ಲ ಹಂಚಿಹೋಗುವುದು ಸಹಜ. ಬಡವರ ಮನೆಯಲ್ಲಿ ಒಬ್ಬರ ಪಾಲನ್ನು ಬೇರೆ ಬೇಯಿಸುವುದಿಲ್ಲ. 2001ರಲ್ಲಿ ನಿಗಮದ ಗೋದಾಮುಗಳಲ್ಲಿ ಸುಮಾರು ಆರು ಕೋಟಿ ಟನ್ ಧಾನ್ಯ ಇದ್ದಾಗಲೇ ಬರಪೀಡಿತ ರಾಜಸ್ಥಾನದಲ್ಲಿ ಜನ ಹಸಿದಿದ್ದರು. ನಾಗರಿಕ ಹಕ್ಕುಗಳ ಸಂಘಟನೆ ಪಿ.ಯು.ಸಿ.ಎಲ್. ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ನವೆಂಬರ್ 28ರ ಆದೇಶ ಬೇಯಿಸಿದ ಊಟವನ್ನೇ ಕೊಡಬೇಕೆಂದಿತು: ದಿನಕ್ಕೆ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಈ ಅಂಕಿಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೂರು ಗ್ರಾಂ ಅಕ್ಕಿ ಹೆಚ್ಚುಕಡಿಮೆ 345 ಕ್ಯಾಲೊರಿ ಕೊಡುತ್ತದೆ, ಅಂದರೆ ಮೊದಲನೆಯ ಷರತ್ತು ಅಕ್ಕಿಯೊಂದರಿಂದಲೇ ಮುಗಿಯಿತು. ಪ್ರೋಟೀನ್ ಮಾತ್ರ ಏಳು ಗ್ರಾಮಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಹನ್ನೆರಡಕ್ಕೆ ಮುಟ್ಟಬೇಕಾದರೆ ಬೇಳೆ ಬೇಕು, ಬೇಳೆಗೆ ದುಡ್ಡು ಬೇಕು. ಗೋದಾಮಿನಲ್ಲಿ ಇಲ್ಲದ್ದನ್ನು ಮಗುವಿಗಾಗಿ ಕೊಂಡು ತರಲೇಬೇಕಾದ ಪರಿಸ್ಥಿತಿಯನ್ನು ಆ ಒಂದು ಅಂಕಿ ತಂದಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ, ಮರುವರ್ಷ ಉಳಿದೆಡೆ ಬಿಸಿಯೂಟ ಶುರುವಾಯಿತು.

ಮಿಕ್ಕಿದ್ದಾದರೂ ಅದು ಅನ್ನವೇ ತಾನೆ, ಹಸಿದ ಮಗುವಿಗೆ ಮೂಲ ಕಟ್ಟಿಕೊಂಡು ಏನಾಗಬೇಕು ಎಂದು ಕೇಳುವವರಿದ್ದಾರೆ. ಅವರು ಬೊಟ್ಟು ಮಾಡುವ ಒಳ್ಳೆಯ ಉದಾಹರಣೆ ಕ್ಷೀರಭಾಗ್ಯ. 2013ರ ಆಗಸ್ಟ್ 1ರಂದು ಆರಂಭವಾದಾಗ ವಾರಕ್ಕೆ ಮೂರು ದಿನ 150 ಮಿಲಿಲೀಟರ್ ಹಾಲು ಮಕ್ಕಳಿಗೆ ಸಿಕ್ಕಿತು. ಹಾಲು ಹೆಚ್ಚಾಗಿ ಪುಡಿಯ ದಾಸ್ತಾನು ಬೆಳೆದು ಕಂಗೆಟ್ಟಿದ್ದ ಹಾಲು ಮಹಾಮಂಡಳಕ್ಕೆ, ಅದರ ಹಿಂದಿದ್ದ ರೈತರಿಗೆ ಆಸರೆ ಸಿಕ್ಕಿತು. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಮಗುವಿನ ಅಗತ್ಯವೂ ರೈತನ ಹೆಚ್ಚುವರಿಯೂ ಒಂದೇ ಕಡೆ ಸೇರಿದಾಗ ಯೋಜನೆ ಗಟ್ಟಿಯಾಗಿ ನಿಲ್ಲುತ್ತದೆ, ಕ್ಷೀರಭಾಗ್ಯ ಸರ್ಕಾರಗಳು ಬದಲಾದರೂ ಉಳಿದಿದೆ. ತೊಂದರೆ ಬರುವುದು ಅವೆರಡೂ ಸೇರದೇ ಇರುವ ಕಡೆ. ಬೇಳೆ, ಸೊಪ್ಪು, ಹಣ್ಣು, ಮೊಟ್ಟೆ ಯಾವ ಸರ್ಕಾರಿ ಗೋದಾಮಿನಲ್ಲೂ ಕೊಳೆಯುತ್ತಾ ಬಿದ್ದಿರುವುದಿಲ್ಲ. ಅವುಗಳ ಪರವಾಗಿ ಒತ್ತಡ ತರುವವರೂ ಕಡಿಮೆ. ಬೆಲೆ ಏರಿದ ತಿಂಗಳು ಸಾರು ತೆಳುವಾಗುತ್ತದೆ.

ಮೊಟ್ಟೆಯ ಕಥೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಮಿನಷ್ಟು ಉತ್ತಮ ಪ್ರೋಟೀನ್ ಇದೆ. ಕಲಬೆರಕೆ ಮಾಡಲಾಗದು, ನೀರು ಬೆರೆಸಲಾಗದು. ಆದರೂ ನಮ್ಮ ಶಾಲೆಗಳಿಗೆ ಅದು ಬರಲು 2021ರ ಡಿಸೆಂಬರ್ ತನಕ ಕಾಯಬೇಕಾಯಿತು, ಅದೂ ಮೊದಲಿಗೆ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದಲ್ಲಿ. ಕೆಲವು ಮಠಾಧೀಶರು, ಸಂಘಟನೆಗಳು ವಿರೋಧಿಸಿದವು: ಶಾಲೆಯಲ್ಲಿ ಮೊಟ್ಟೆ ಕೊಟ್ಟರೆ ಸಸ್ಯಾಹಾರಿ ಮಕ್ಕಳಿಗೆ ಮುಜುಗರ, ಮನೆತನದ ನಂಬಿಕೆಗೆ ಧಕ್ಕೆ ಎಂದರು. ತಿನ್ನದ ಮಗುವನ್ನು ಬಲವಂತ ಮಾಡಕೂಡದೆಂಬುದು ಸರಿಯಾದ ಮಾತು. ಅದಕ್ಕೆಂದೇ ಬಾಳೆಹಣ್ಣಿನ ಆಯ್ಕೆ ಇತ್ತು. ಬಾಳೆಹಣ್ಣಿನಲ್ಲಿ ಪ್ರೋಟೀನ್ ಒಂದು ಗ್ರಾಮಿನಷ್ಟೇ ಇರುವುದರಿಂದ ಆ ಮಕ್ಕಳಿಗೆ ಕಡಲೆಕಾಯಿ ಚಿಕ್ಕಿಯಂಥದ್ದು ಹೆಚ್ಚು ನ್ಯಾಯ. ಆದರೆ ಮನೆಯಲ್ಲಿ ತಿನ್ನುವ, ಕೊಳ್ಳಲು ಶಕ್ತಿ ಇಲ್ಲದ ಮಗುವಿಗೂ ಕೊಡಬಾರದು ಎನ್ನುವುದು ಒಬ್ಬರ ವ್ರತವನ್ನು ಇನ್ನೊಬ್ಬರ ಮಗುವಿನ ಮೇಲೆ ಹೊರಿಸಿದಂತೆ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳೊಂದಿಗೆ ಹೋಲಿಸಿದಾಗ, ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡುಬಂತು. ವಾರಕ್ಕೆ ಆರು ದಿನ ಮೊಟ್ಟೆ ಎಂಬ ಇಂದಿನ ವ್ಯವಸ್ಥೆಗೆ 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಹಣ ಕೊಡಲು ಮುಂದೆ ಬಂತು. ದಾನ ದೊಡ್ಡದು. ಆದರೆ ದಾನದ ಅವಧಿ ಮೂರು ವರ್ಷ. ಮಗು ಶಾಲೆಯಲ್ಲಿರುವುದು ಹತ್ತು ವರ್ಷ.

ಇಷ್ಟೆಲ್ಲ ನಡೆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಮತ್ತು ಐದನೆಯ ಸುತ್ತುಗಳ ನಡುವೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರ ಪ್ರಮಾಣ ಶೇ 36.2ರಿಂದ 35.4ಕ್ಕೆ ಬಂದಿತು, ರಕ್ತಹೀನತೆ ಶೇ 60.9ರಿಂದ 65.5ಕ್ಕೆ ಏರಿತು. ಕುಳ್ಳಾಗುವಿಕೆ ಬಹುಮಟ್ಟಿಗೆ ಎರಡು ವರ್ಷದೊಳಗೇ ನಿಶ್ಚಯವಾಗುತ್ತದೆ. ಆ ವಯಸ್ಸಿನ ಮಗು ಶಾಲೆಯ ಪಂಕ್ತಿಯಲ್ಲಿ ಕೂರುವುದಿಲ್ಲ, ಅಂಗನವಾಡಿಯ ಪೊಟ್ಟಣ ಮನೆಗೆ ಹೋದರೆ 1995ರ ಧಾನ್ಯದಂತೆಯೇ ಹಂಚಿಹೋಗುತ್ತದೆ. ಚೀಲ ಸಾಗಿಸುವ ನೀತಿಗೆ ಸಾಲು ನಿಂತ ಮಕ್ಕಳು ಕಾಣುತ್ತಾರೆ, ತಾಯಿಯ ಕಂಕುಳಲ್ಲಿರುವ ಕೂಸು ಕಾಣುವುದಿಲ್ಲ. ತೊಗರಿಯ ಕಣಜವೆಂದು ಹೆಸರಾದ ಕಲಬುರಗಿ, ಯಾದಗಿರಿ ಸೀಮೆಯಲ್ಲೇ ಬೆಳವಣಿಗೆ ಕುಂಠಿತವಾದ ಮಕ್ಕಳು ಹೆಚ್ಚು. ಅಲ್ಲಿನ ತೊಗರಿಯನ್ನು ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುತ್ತದೆ, ಕೊಳ್ಳುವಾಗ ನೋಡುವುದು ಮಾರುಕಟ್ಟೆಯ ದರವನ್ನು. ಅದೇ ತಾಲ್ಲೂಕಿನ ಅಂಗನವಾಡಿಗಳಿಗೆ, ಬಸುರಿ ಬಾಣಂತಿಯರಿಗೆ ವರ್ಷಕ್ಕೆ ಎಷ್ಟು ಬೇಳೆ ಬೇಕು ಎಂದು ಮೊದಲು ಲೆಕ್ಕ ಹಾಕಿ, ಅಷ್ಟನ್ನು ತೆಗೆದಿಟ್ಟು, ಉಳಿದದ್ದನ್ನು ಮಾರುಕಟ್ಟೆಗೆ ಬಿಡುವ ಕ್ರಮ ಇನ್ನೂ ಬರಬೇಕಾಗಿದೆ.