ದೊಡ್ಡ ಡ್ರಮ್ಮು

ಎಡಗಾಲು ನೆಲ ಮುಟ್ಟುವ ಹೊತ್ತಿಗೆ ಸರಿಯಾಗಿ ದೊಡ್ಡ ಡ್ರಮ್ಮಿನ ಪೆಟ್ಟು ಬೀಳಬೇಕು. ಶಾಲೆಯ ಬ್ಯಾಂಡಿನ ಗುಟ್ಟೆಲ್ಲ ಇಷ್ಟೇ. ಈ ಡ್ರಮ್ಮು ಇಂಗ್ಲಿಷರದೆಂದೇ ನಾವು ತಿಳಿದಿದ್ದೆವು. ಅಲ್ಲ, ತುರ್ಕಿ ಸುಲ್ತಾನರ ಜಾನಿಸರಿ ಪಡೆಯ ಮೇಳದಿಂದ ದೊಡ್ಡ ಡ್ರಮ್ಮು, ತಾಳ ಎರಡೂ 18ನೇ ಶತಮಾನದಲ್ಲಿ ಯೂರೋಪಿನ ದಂಡುಗಳನ್ನು ಸೇರಿದವು. ಅಲ್ಲಿಂದ ಇಂಗ್ಲಿಷರ ಪಲ್ಟನ್ನಿನೊಂದಿಗೆ ನಮ್ಮಲ್ಲಿಗೆ. ತಮಾಷೆಯೆಂದರೆ, 1826ರಲ್ಲಿ ಸುಲ್ತಾನ ಎರಡನೆಯ ಮಹಮೂದ್ ಆ ಪಡೆಯನ್ನೇ ಮುರಿದುಹಾಕಿ, 1828ರಲ್ಲಿ ಯೂರೋಪಿನ ಬ್ಯಾಂಡು ಕಲಿಸಲು ಇಟಲಿಯ ಜುಸೆಪ್ಪೆ ದೊನಿಜೆಟ್ಟಿಯನ್ನು ಕರೆಸಿಕೊಂಡ. ತವರಿನ ಪಾತ್ರೆ ಊರೆಲ್ಲ ಸುತ್ತಿ ತವರಿಗೇ ಬಂದ ಹಾಗೆ!

ದಂಡಿನ ವಾದ್ಯವೆಂದೋ ಏನೋ, ಹೆಣ್ಣುಮಕ್ಕಳಿಗದು ದೂರ. ಅಮೆರಿಕದಲ್ಲೂ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಂಡು ಹುಡುಗಿಯರಿಗೆ ಬಾಗಿಲು ತೆರೆದದ್ದು 1972ರ ಕಾನೂನು ಬಂದ ಮೇಲೆ, 1973ರಲ್ಲಿ.

1983ರಲ್ಲಿ ನಾನು ಒಂಬತ್ತನೇ ತರಗತಿ. ನಮ್ಮ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಕೊಳಲು ಮಾತ್ರ. "ಡ್ರಮ್ಮು ಹೊಟ್ಟೆಗೆ ಒತ್ತುತ್ತಮ್ಮ, ನಾಳೆ ಮದುವೆಯಾಗೋ ಹುಡುಗಿ ನೀನು" ಎಂದಿದ್ದರು ಡ್ರಿಲ್ ಮೇಷ್ಟ್ರು. ಆಗಸ್ಟ್ 14ರಂದು ಡ್ರಮ್ಮಿನ ಹುಡುಗನಿಗೆ ಜ್ವರ. ಬೆಂಚು ಬಡಿದು ಬಡಿದು ಲೆಕ್ಕ ಕಲಿತಿದ್ದವಳು ನಾನೊಬ್ಬಳೇ. ಹೊಟ್ಟೆಗೆ ಒತ್ತಿದ್ದು ನಿಜ. ಲಂಗ ಕಾಲಿಗೆ ತೊಡರಿದ್ದು ಅದಕ್ಕಿಂತ ಹೆಚ್ಚು. ಆದರೆ ಪೇಟೆ ಬೀದಿಯುದ್ದಕ್ಕೂ ನೂರಾರು ಎಡಗಾಲುಗಳು ನನ್ನ ಪೆಟ್ಟಿಗೆ ಬೀಳುತ್ತಿದ್ದವು.

ಮಾರನೆಯ ವಾರ ಡ್ರಮ್ಮು ಹುಡುಗನ ಹೆಗಲಿಗೇ ಹೋಯಿತು. ಕೊಳಲು ಹಿಡಿಯಲು ನಾನು ಮತ್ತೆ ಹೋಗಲಿಲ್ಲ.