ಆಪರೇಷನ್ ಹೆರಿಗೆ: ಮೊದಲು ವಾರ, ಆಮೇಲೆ ಮುಹೂರ್ತ

ಇಟಗಿ, ರೋಣ, ಗಜೇಂದ್ರಗಡದ ಕಡೆ ಹಿಂದೆ ಕೂಸು ಹುಟ್ಟಿದ ಮೇಲೆ ಪಂಚಾಂಗ ನೋಡಿಸುತ್ತಿದ್ದರು. ಹುಟ್ಟಿದ ಹೊತ್ತು ಹೇಳಿ, ನಕ್ಷತ್ರ ಯಾವುದು, ಯಾವ ಅಕ್ಷರದಿಂದ ಹೆಸರಿಡಬೇಕು ಎಂದು ಕೇಳುತ್ತಿದ್ದರು. ಮೂಲಾ, ಆಶ್ಲೇಷ ಬಂದರೆ ಶಾಂತಿ ಮಾಡಿಸುತ್ತಿದ್ದರು. ಹುಟ್ಟುವ ಹೊತ್ತನ್ನೇ ಬದಲಿಸುವ ಮಾತು ಇರಲಿಲ್ಲ. ನೋವು ಬಂದಾಗ ಸೂಲಗಿತ್ತಿಗೆ ಕರೆ ಹೋಗುತ್ತಿತ್ತು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಹೆಸರಿದ್ದ, 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮ ಕೂಡ ನೋವಿನ ಹೊತ್ತಿಗೆ ಓಡಿದವರೇ.

ಈಗ ಹೆರಿಗೆಗೆ ಆಪರೇಷನ್ ಬೇಕು ಎಂದು ಡಾಕ್ಟರು ಹೇಳಿದ ದಿನವೇ ಎಷ್ಟೋ ಮನೆಗಳಲ್ಲಿ ಪಂಚಾಂಗ ತೆರೆಯುತ್ತಾರೆ. ಈ ಬದಲಾವಣೆ ಹೇಗೆ ಬಂತು?

ಹೊಟ್ಟೆ ಕೊಯ್ದು ಕೂಸು ತೆಗೆಯುವುದು ಹಳೆಯ ವಿದ್ಯೆ. ಆದರೆ ಪ್ರಾಚೀನ ರೋಮಿನಲ್ಲಿ ಅದನ್ನು ಮಾಡುತ್ತಿದ್ದದ್ದು ಸತ್ತ ಬಸುರಿಗೆ. ಬದುಕಿದ್ದ ತಾಯಿಗೆ ಮಾಡಿದರೆ ರಕ್ತ ಹರಿದೋ ನಂಜೇರಿಯೋ ಆಕೆ ಉಳಿಯುವುದು ಅಪರೂಪವಾಗಿತ್ತು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸ್ಯಾಂಗರ್ ಗರ್ಭಕೋಶಕ್ಕೆ ಸರಿಯಾಗಿ ಹೊಲಿಗೆ ಹಾಕುವ ಕ್ರಮ ತೋರಿಸಿದರು. ಮುಂದೆ ರಕ್ತ ಕೊಡುವ ವ್ಯವಸ್ಥೆ, ನಂಜು ತಡೆಯುವ ಔಷಧಿಗಳು ಬಂದವು. ಆಪರೇಷನ್ ಸುರಕ್ಷಿತವಾದ ಮೇಲಷ್ಟೇ ದಿನ ಗೊತ್ತು ಮಾಡಲು ಸಾಧ್ಯವಾಯಿತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 23.6 ಸಿಸೇರಿಯನ್ ಆಗಿದ್ದವು. ಮುಂದಿನ ಸಮೀಕ್ಷೆಯಲ್ಲಿ ಅದು ಶೇ. 31.5ಕ್ಕೆ ಏರಿತು. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ರಾಮಮಂದಿರದ ಪ್ರಾಣಪ್ರತಿಷ್ಠೆ ನಡೆದಾಗ, ಅದೇ ದಿನ ಆಪರೇಷನ್ ಮಾಡಿ ಎಂದು ಕಾನ್ಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರು ಬರೆದುಕೊಟ್ಟ ಸುದ್ದಿ ದೇಶವೆಲ್ಲ ಓದಿತು.

ಒಳ್ಳೆಯ ದಿನ ಬೇಕೆನ್ನುವ ಆಸೆಯಲ್ಲಿ ತಪ್ಪೇನಿಲ್ಲ. ಒಳ್ಳೆಯ ದಿನಕ್ಕಾಗಿ ಹೆರಿಗೆಯನ್ನು ಹಿಂದಕ್ಕೆ ಎಳೆದರೆ ಮಾತ್ರ ಕಷ್ಟ ಕೂಸಿಗೆ. ಹೊಟ್ಟೆಯಲ್ಲಿರುವಾಗ ಕೂಸಿನ ಪುಪ್ಪುಸದಲ್ಲಿ ನೀರಿನಂಥ ದ್ರವ ತುಂಬಿರುತ್ತದೆ. ಕೊನೆಯ ವಾರಗಳಲ್ಲಿ, ಅದರಲ್ಲೂ ಹೆರಿಗೆ ನೋವಿನ ಹೊತ್ತಿನಲ್ಲಿ, ಅದು ಇಂಗುತ್ತದೆ. ಮೊದಲೇ ತೆಗೆದ ಕೂಸು ಉಸಿರಿಗೆ ಒದ್ದಾಡಬಹುದು.

2009ರಲ್ಲಿ ಅಮೆರಿಕದ 19 ಕೇಂದ್ರಗಳ ಅಧ್ಯಯನವೊಂದು ಪ್ರಕಟವಾಯಿತು. ಮೊದಲೂ ಸಿಸೇರಿಯನ್ ಆಗಿದ್ದ, ಬೇರೆ ತುರ್ತು ಇಲ್ಲದೆ ದಿನ ಗೊತ್ತು ಮಾಡಿಕೊಂಡ ತಾಯಂದಿರ ಲೆಕ್ಕ ಅದು. 37ನೇ ವಾರದಲ್ಲಿ ತೆಗೆದ ನೂರು ಕೂಸುಗಳಲ್ಲಿ ಸುಮಾರು 15ಕ್ಕೆ ಉಸಿರಾಟವೂ ಸೇರಿದಂತೆ ಏನಾದರೂ ತೊಂದರೆ ಬಂತು. 38ರಲ್ಲಿ 11ಕ್ಕೆ, 39ರಲ್ಲಿ 8ಕ್ಕೆ. ಅದಕ್ಕೇ ತಾಯಿ, ಕೂಸು ಆರೋಗ್ಯವಾಗಿದ್ದರೆ 39 ವಾರ ತುಂಬುವವರೆಗೆ ಕಾಯಿರಿ ಎನ್ನುತ್ತಾರೆ ವೈದ್ಯರು.

ಇದು ನಮಗೆ ಹೊಸ ಲೆಕ್ಕವೇನಲ್ಲ. ನಮ್ಮ ಅಜ್ಜಿಯರು "ಒಂಬತ್ತು ತಿಂಗಳು ಒಂಬತ್ತು ದಿನ" ಎನ್ನುತ್ತಿದ್ದರು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸುವುದು 19ನೇ ಶತಮಾನದ ಜರ್ಮನ್ ವೈದ್ಯ ನೇಗೆಲೆ ಅವರ ಹೆಸರಿನ ಸೂತ್ರ. ತಾಯಿ ಕಾರ್ಡಿನಲ್ಲಿ ಬರೆಯುವ ಹೆರಿಗೆ ದಿನಾಂಕದ ಮೂಲ ಇದೇ. ಮುಟ್ಟಿನ ದಿನ ನೆನಪಿಲ್ಲದಿದ್ದರೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಹೆಚ್ಚು ನಂಬಿಕೆಯ ಲೆಕ್ಕ ಕೊಡುತ್ತದೆ.

ಕಾರ್ಡಿನ ದಿನಾಂಕಕ್ಕೆ ಒಂದು ವಾರ ಮೊದಲು 39 ವಾರ ತುಂಬುತ್ತದೆ. ದಿನಾಂಕ ಜನವರಿ 22 ಆಗಿದ್ದರೆ 15ಕ್ಕೆ. ಆ ವಾರದಲ್ಲಿ ಯಾವ ದಿನ, ಯಾವ ಹೊತ್ತು ಆಗಬಹುದೆಂದು ಮೊದಲು ಡಾಕ್ಟರನ್ನು ಕೇಳಬೇಕು. ಅವರು ಹೇಳಿದ ದಿನಗಳೊಳಗೆ ಪಂಚಾಂಗ ನೋಡಿಸಿಕೊಳ್ಳಲಿ. ನಡುರಾತ್ರಿಯ ಮುಹೂರ್ತ ಬೇಡ. ಅರಿವಳಿಕೆಯವರು, ಮಕ್ಕಳ ಡಾಕ್ಟರು, ರಕ್ತ ಎಲ್ಲವೂ ಹಗಲಿನಲ್ಲಿ ಸುಲಭವಾಗಿ ಸಿಗುತ್ತವೆ.

ಅವಳಿ ಕೂಸು, ಬಿಪಿ, ರಕ್ತಸ್ರಾವ ಇದ್ದರೆ ಡಾಕ್ಟರೇ 39ಕ್ಕಿಂತ ಮೊದಲು ತೆಗೆಯಬೇಕಾದೀತು. ಗೊತ್ತು ಮಾಡಿದ ದಿನಕ್ಕೆ ಮೊದಲೇ ನೋವು ಬಂದರೆ, ನೀರು ಒಡೆದರೆ, 108ಕ್ಕೆ ಫೋನ್ ಮಾಡಿ ಹೊರಡಬೇಕು. ಭೀಮಮ್ಮನಿಗೆ ಹೊತ್ತ ಹರಕೆಯನ್ನು ಬಾಣಂತನ ಮುಗಿದ ಮೇಲೂ ತೀರಿಸಬಹುದು. ರಾಹುಕಾಲ ಕಳೆಯಲಿ ಎಂದು ಮಾತ್ರ ಮನೆಯಲ್ಲಿ ಕೂರಬಾರದು.