ಹಲಗಿ ಬಡಿದವನ ಹೆಸರೂ ಬರೀರಿ



ಜಾತ್ರಿ ಬಂದ್ರ ಸಾಕು, ಬಾದಾಮಿ, ಪಟ್ಟದಕಲ್ಲು, ಹುನಗುಂದ, ಇಳಕಲ್ ಕಡೆ ಮೊಬೈಲ್ ತುಂಬ ಹೊಸ ಡಿಜೆ ಹಾಡು. ಹಳ್ಳಿ ಹುಡುಗ್ರು ಮನ್ಯಾಗ ಒಂದು ಕಂಪ್ಯೂಟರ್ ಇಟ್ಕೊಂಡು, ಎಫ್‌ಎಲ್ ಸ್ಟುಡಿಯೋದಾಗ ಜಾನಪದ ಮಿಕ್ಸ್ ಮಾಡಿ ಯೂಟ್ಯೂಬಿಗೆ ಬಿಡ್ತಾರ. ಯಾವ ದೊಡ್ಡ ಕಂಪನಿ ಬಾಗಿಲಿಗೂ ಹೋಗದೆ ಇಷ್ಟು ಮಾಡಿದ್ದಕ್ಕ ಶಭಾಷ್ ಅನ್ನಲೇಬೇಕು. ಆದ್ರ ಆ ಬೇಸ್ ಜೊತಿ ಎದಿಗೆ ಗುದ್ದೋದು ಹಲಗಿ. ವಿಡಿಯೋ ಕೆಳಗ ಗಾಯಕರ ಹೆಸರು, ಸಾಹಿತ್ಯದವರ ಹೆಸರು, ಮಿಕ್ಸ್ ಮಾಡಿದ ಡಿಜೆ ಹೆಸರು ಇರ್ತದ. ಹಲಗಿಯವನ ಹೆಸರು ಹುಡುಕಿದ್ರೂ ಸಿಗೋದು ಅಪರೂಪ.

ಇದಕ್ಕೊಂದು ಇತಿಹಾಸ ಅದ. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ನಮ್ಮ ಪಟ್ಟದಕಲ್ಲಿಗೇ ಹೋಗೋಣ. ವಿರೂಪಾಕ್ಷ ಗುಡಿ ಸುಮಾರು 740ರ ಹೊತ್ತಿನದು. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿನ ಶಾಸನದಲ್ಲಿದೆ. ಮಾವ ವಿಜಯಾದಿತ್ಯ ಗಾಯಕರಿಗೆ ಕೊಟ್ಟಿದ್ದ ಹಕ್ಕುಗಳನ್ನ ರಾಣಿ ಮತ್ತೆ ಖಾಯಂ ಮಾಡಿದ್ದನ್ನೂ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಅಂದರೆ ಹಾಡೋರ ಹಕ್ಕು ಬರೆದಿಡೋ ಪದ್ಧತಿ ಮಲಪ್ರಭೆ ದಂಡೆಗೆ ಹೊಸದಲ್ಲ.

ಹಲಗಿಗೆ ಮಾತ್ರ ಅಂಥ ಶಾಸನ ಸಿಗಲಿಲ್ಲ. ತೊಗಲು ಹದ ಮಾಡಿ, ಬೆಂಕಿಗೆ ಕಾಸಿ, ಹೆಗಲಿಗೆ ಹಾಕ್ಕೊಂಡವರು ಹೊಲೆಯ ಮಾದಿಗರು. ಡಂಗುರಕ್ಕ, ಹೆಣದ ಮುಂದ, ದೇವರ ಮುಂದ ಬಿಟ್ಟಿ ಬಡಿಸಿಕೊಂಡರು. ಗುಡಿ ಒಳಗ ಬಿಡಲಿಲ್ಲ. ಬಾಬಾಸಾಹೇಬರ ಹಾದಿ ಹಿಡಿದ ಎಷ್ಟೋ ಕೇರಿಗಳು ಆ ಬಿಟ್ಟಿ ಚಾಕರಿಯನ್ನೇ ನಿಲ್ಲಿಸಿದವು. ಈಗ ಅದೇ ಹಲಗಿ ಸ್ಪೀಕರ್‌ನ್ಯಾಗ ಬಂದ್ರ ಎಲ್ಲಾ ಜಾತಿಯವರೂ ಕುಣಿತಾರ.

ಹೊರಗಿನ ಕಥೆಯೂ ಇದೇ. ಈ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಬೆಳೆದಿದ್ದು ಅಮೆರಿಕದ ಕಪ್ಪು ಜನರ ಕೈಯಲ್ಲಿ: ಶಿಕಾಗೋದಲ್ಲಿ ಫ್ರ್ಯಾಂಕಿ ನಕಲ್ಸ್, ಡೆಟ್ರಾಯ್ಟ್‌ನಲ್ಲಿ ವಾನ್ ಆಟ್ಕಿನ್ಸ್. 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್ಮನ್ ಬಾರಿಸಿದ ಆರೇಳು ಸೆಕೆಂಡಿನ ಡ್ರಮ್ ತುಣುಕನ್ನ ಸಾವಿರಾರು ಹಾಡುಗಳು ಕತ್ತರಿಸಿ ಹಚ್ಚಿಕೊಂಡವು. ಇಂಗ್ಲೆಂಡಿನ ಜಂಗಲ್ ಸಂಗೀತ ನಿಂತಿದ್ದೇ ಅದರ ಮೇಲೆ. ಕೋಲ್ಮನ್ 2006ರಲ್ಲಿ ತೀರಿಕೊಂಡಾಗ ಅವರಿಗೆ ಮನೆ ಇರಲಿಲ್ಲ. ಆ ತುಣುಕಿನಿಂದ ಒಂದು ರೂಪಾಯಿಯೂ ಬಂದಿರಲಿಲ್ಲ.

ಹಲಗಿ ಪೆಟ್ಟು ಯಾರೊಬ್ಬರ ಆಸ್ತಿನೂ ಅಲ್ಲ, ಖರೆ. ಆದರೆ ರೆಕಾರ್ಡ್ ಆಗಿರೋದು ಒಬ್ಬ ಮನುಷ್ಯನ ಕೈ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಮಾಡಿದ ತಿದ್ದುಪಡಿ ನೋಡ್ರಿ: ಕಲಂ 38ಎ ಪ್ರಕಾರ ವ್ಯಾಪಾರಕ್ಕೆ ಬಳಸಿದರೆ ಕಲಾವಿದನಿಗೆ ರಾಯಲ್ಟಿ ಕೇಳೋ ಹಕ್ಕಿದೆ, 38ಬಿ ಪ್ರಕಾರ ಹೆಸರು ಹಾಕಿಸಿಕೊಳ್ಳೋ ಹಕ್ಕಿದೆ. ನುಡಿಸಿದವರ ಹಕ್ಕು 50 ವರ್ಷ ಇರ್ತದ.

ಮಿಕ್ಸ್ ಮಾಡೋ ತಮ್ಮಂದಿರೇ, ಹಲಗಿ ರೆಕಾರ್ಡ್ ಮಾಡೋ ಮುಂಚೆ ಕೇಳ್ರಿ, ರೊಕ್ಕ ಮಾತಾಡ್ರಿ, ವಿಡಿಯೋ ಕೆಳಗ ಹೆಸರು, ಊರು ಬರೀರಿ. ಹಲಗಿ ಬಾರಿಸೋ ಅಣ್ಣಂದಿರೇ, ಮೈಕ್ ಮುಂದ ನಿಲ್ಲೋಕಿಂತ ಮೊದಲು ಒಂದು ಚೀಟಿಯಾದ್ರೂ ಬರೆಸಿಕೊಳ್ರಿ. ಬಿಟ್ಟಿ ಚಾಕರಿ ಯೂಟ್ಯೂಬಿನಾಗ ಮತ್ತೆ ಶುರು ಆಗೋದು ಬ್ಯಾಡ.

ಜೈ ಭೀಮ್.